ಒಂಟೆಯ ಮುಂದೆ ಹಾಕಿದ ಅಂಗಿ

ಬುಕ್ಕಸಾಗರದ ಪಕ್ಕೀರಪ್ಪನಿಗೆ ಅಂಜಿಕೆ ಅಂದರೆ ಏನೆಂದೇ ಗೊತ್ತಿಲ್ಲ ಅಂತ ಊರೆಲ್ಲ ಹೇಳುತ್ತಿತ್ತು. ಊರು ಹೇಳಿದರೆ ಹೇಳಲಿ ಬಿಡಿ, ಊರಿಗೇನು ಬೇರೆ ಕೆಲಸ? ಪಕ್ಕೀರಪ್ಪನೂ ಅದನ್ನು ನಂಬಿಕೊಂಡು ಕೂತಿದ್ದನಲ್ಲ, ಫಜೀತಿಯಾದದ್ದು ಅಲ್ಲೇ.

ಹೋರಿ ಪಳಗಿಸುವುದು ಅವನ ಕಸುಬು. ಅವನಪ್ಪನದೂ ಅದೇ. ಕಮಲಾಪುರದಿಂದ ಕಂಪ್ಲಿಯವರೆಗೆ ಹೊಳೆಗುಂಟ ಯಾರ ಮನೆಯಲ್ಲಿ ಹೋರಿ ಕೊಬ್ಬಿ ಹಗ್ಗ ಹರಿಯುತ್ತಿದ್ದರೂ 'ಪಕ್ಕೀರಪ್ಪನ್ನ ಕರೀರಿ' ಅನ್ನುವುದು ವಾಡಿಕೆ. ಆಳು ಗಿಡ್ಡ, ಕುತ್ತಿಗೆ ದಪ್ಪ, ಮಾತು ಜಾಸ್ತಿ. ಬಂದವನು ಮೊದಲು ಚಾ ಕುಡಿಯುತ್ತಿದ್ದ. ಆಮೇಲೆ ತಲೆಗೆ ಟವೆಲ್ ಬಿಗಿದು ಕಟ್ಟಿ, ಹೋರಿಯ ಕಾಲಿಗೆ ಹಗ್ಗ ಹಾಕಿ ನೆಲಕ್ಕೆ ಕೆಡವಿ, ದಬ್ಬಣದಿಂದ ಮೂಗು ಚುಚ್ಚಿ ದಾರ ಪೋಣಿಸುತ್ತಿದ್ದ. ಎದ್ದು ಕುಣಿದರೆ ಮೂಗಿನ ಮೇಲೆಯೇ ಬಾರುಕೋಲಿನ ಏಟು. ಅದು ಸುಸ್ತಾಗಿ, ಜೊಲ್ಲು ಸುರಿಸಿ, ಕಾಲು ಅಗಲಿಸಿ ನಿಲ್ಲುವತನಕ ಬಿಡುವವನಲ್ಲ. ನಿಂತಿತೋ, ಸೊಂಟದ ಗಂಟಿನಿಂದ ಬೆಲ್ಲದ ತುಂಡು ತೆಗೆದು, ಹೊಡೆದ ಕೈಯಿಂದಲೇ ತಿನ್ನಿಸುತ್ತಿದ್ದ.

"ಹೊಡದ ಕೈನs ಬೆಲ್ಲ ಕೊಡಬೇಕು ನೋಡ್ರಿ," ಎಂದು ಸುತ್ತ ನಿಂತವರಿಗೆ ಪಾಠ ಹೇಳುತ್ತಿದ್ದ. "ತಿಂತಂದ್ರ ಹಿಂದಿಂದೆಲ್ಲಾ ಮರತಂಗ. ಆಮ್ಯಾಗ ಅದು ನಮ್ಮ ಮನಿ ಮಗ."

ಅವನ ಮಾತಿಗೆ ಸಾಕ್ಷಿಯಾಗಿ ಅವನ ಹಿತ್ತಲಲ್ಲಿ ಮೈಲಾರಿ ಇತ್ತು. ಪ್ರಾಯದಲ್ಲಿ ಇಬ್ಬರನ್ನು ಎತ್ತಿ ಒಗೆದ ಹೋರಿ ಅದು. ಕಡಿಯಲು ಕೊಡಬೇಕೆಂದಿದ್ದ ಮಾಲೀಕನ ಕೈಯಿಂದ ಬಿಡಿಸಿ ತಂದು, ಹೊಳೆಯ ಉಸುಕಿನಲ್ಲಿ ಕೆಡವಿ ಪಳಗಿಸಿದ್ದ. ಈಗ ಮುದಿ ಎತ್ತು. ಪಕ್ಕೀರಪ್ಪ ಹಿತ್ತಲ ಬಾಗಿಲಿಗೆ ಬಂದರೆ ಸಾಕು, ಮಲಗಿದ್ದದ್ದು ಎದ್ದು, ಬಾಲ ಕೂಡ ಆಡಿಸದೆ ಸ್ತಬ್ಧವಾಗಿ ನಿಲ್ಲುತ್ತಿತ್ತು. "ನೋಡ್ರಿ, ಒಡಿಯ ಬಂದ ಅಂತ ಹೆಂಗ ಮರ್ಯಾದಿ ಕೊಡ್ತೈತಿ!" ಎಂದು ಬಂದವರಿಗೆಲ್ಲ ಅದನ್ನು ತೋರಿಸುವುದು ಅವನಿಗೆ ಬಲು ಹೆಮ್ಮೆ.

ಆದರೆ ಭತ್ತದ ಗದ್ದೆಗೆ ಟ್ರ್ಯಾಕ್ಟರ್ ಬಂತು, ಕಬ್ಬಿನ ಗಾಡಿಗೂ ಟ್ರ್ಯಾಕ್ಟರ್ ಬಂತು. ಹೋರಿ ಸಾಕುವವರೇ ಕಡಿಮೆಯಾದರು. ಸುಮ್ಮನೆ ಕೂತು ಉಣ್ಣುವ ಜೀವವಲ್ಲ ಪಕ್ಕೀರಪ್ಪನದು. ಒಂದು ಬೇಸಿಗೆಯಲ್ಲಿ ರಾಜಸ್ಥಾನದ ಕುರಿಗಾರರು ಕುರಿಮಂದೆಯ ಜೊತೆ ಒಂಟೆಗಳ ಮೇಲೆ ಹೇರು ಹಾಕಿಕೊಂಡು ಸಿಂಧನೂರಿನ ಕಡೆ ಬೀಡುಬಿಟ್ಟಿದ್ದಾರೆಂದು ಕೇಳಿ, ನೋಡಲು ಹೋದವನು ಒಂದು ಗಂಡೊಂಟೆಯನ್ನು ಹಿಡಿದುಕೊಂಡೇ ಬಂದ. ಹೊಸಪೇಟೆಯಲ್ಲಿ ಮದುವೆ ಮೆರವಣಿಗೆಗೆ ಕುದುರೆ ಹಳೆಯದಾಯಿತು, ಒಂಟೆ ಇನ್ನೂ ಬಂದಿಲ್ಲ. ಭಾನುವಾರ ಡ್ಯಾಮಿನ ರಸ್ತೆಯಲ್ಲಿ ಹುಡುಗರನ್ನು ಕೂರಿಸಿಕೊಂಡು ಸುತ್ತು ಹಾಕಿದರೂ ಆಯಿತು ಅಂತ ಅವನ ಲೆಕ್ಕಾಚಾರ.

ಮಾರಿದವನ ಹೆಸರು ಹರ್ಜಿ. ಅವನು ಒಂಟೆಯ ಮೂಗಿನ ಗೂಟಕ್ಕೆ ಹಗ್ಗ ಕಟ್ಟುವುದನ್ನು ತೋರಿಸಿದ, 'ಝೇ ಝೇ' ಅಂದರೆ ಅದು ಮಂಡಿಯೂರಿ ಕೂರುತ್ತದೆ ಎಂದು ಕೂರಿಸಿ ತೋರಿಸಿದ. ಚಳಿಗಾಲದಲ್ಲಿ ಗಂಡಿಗೆ ಮದ ಬರುತ್ತದೆ, ಬಾಯಲ್ಲಿ ನೊರೆ ಬರುತ್ತದೆ, ಆಗ ದೂರವಿರು, ಮುಖಕ್ಕೆ ಮಾತ್ರ ಕೈ ಎತ್ತಬೇಡ ಎಂದೂ ಹೇಳಿದ. ಪಕ್ಕೀರಪ್ಪ ಸಂತೆಯಲ್ಲಿ ಕಲಿತ ತನ್ನ ಹರಕು ಹಿಂದಿಯಲ್ಲಿ ಹೂಂ ಹೂಂ ಅಂದ. ಮದ ಹೋರಿಗೂ ಬರುತ್ತದೆ, ಇವನೇನು ನನಗೆ ಹೇಳಿಕೊಡುವುದು? ಹರ್ಜಿಯ ಹಿಂದೆ ಅವನ ಅಣ್ಣ ಕುಳಿತು ಬೀಡಿ ಸೇದುತ್ತಿದ್ದ. ಅವನ ಅಂಗಿಯ ಬಲತೋಳು ಖಾಲಿಯಾಗಿ ಜೋತಾಡುತ್ತಿತ್ತು. ಏನಾಯಿತೆಂದು ಕೇಳಿದಾಗ ಹರ್ಜಿ ಒಂಟೆಯ ಕಡೆ ಗಲ್ಲ ಎತ್ತಿ ತೋರಿಸಿದ.

ಹೆಸರಿಟ್ಟವಳು ಪಕ್ಕೀರಪ್ಪನ ಹೆಂಡತಿ ತಿಪ್ಪಕ್ಕ. ಹೋರಿಗಾದರೆ ಬಸವ, ಸೋಮ, ಮೈಲಾರಿ ಅಂತ ಬೇಕಾದಷ್ಟು ಹೆಸರಿವೆ, ಒಂಟೆಗೆ ಏನಂತ ಇಡುವುದು? "ಮಹಾನವಮಿ ದಿಬ್ಬದ ಕಲ್ಲಾಗ ಒಂಟಿ ಕೊರದಾರ. ರಾಜರ ಕಾಲದಾಗ ಇಲ್ಲೇ ಓಡಾಡಿದ್ದ ಪ್ರಾಣಿ ಇದು," ಎಂದು ಪಕ್ಕೀರಪ್ಪ ಜಂಬ ಕೊಚ್ಚಿದ. ತಿಪ್ಪಕ್ಕ ಅದರ ಮುಖ ನೋಡಿದಳು. ಅದು ಮೂಗು ಮೇಲೆತ್ತಿ, ಅರೆಗಣ್ಣು ಮುಚ್ಚಿ, ಇವರಿಬ್ಬರೂ ಅಲ್ಲಿ ಇಲ್ಲವೇ ಇಲ್ಲ ಅನ್ನುವ ಹಾಗೆ ನಿಂತಿತ್ತು. "ಅಯ್ಯ, ನಮ್ಮನ್ನ ನೋಡಿದ್ರ ಮೈಲಿಗಿ ಆಗ್ತೈತೇನೋ ಈ ದೊರಿಗೆ!" ಎಂದಳು. ಹೆಸರು ದೊರೆ ಎಂದೇ ಉಳಿಯಿತು. ಬೇವಿನ ಸೊಪ್ಪು, ಜಾಲಿ ಸೊಪ್ಪು, ಶೇಂಗಾ ಹೊಟ್ಟು ಹಾಕಿ ಅವಳೇ ಸಾಕಿದಳು. ಅವಳು ನೀರಿನ ಬಕೆಟ್ ತಂದರೆ ಕುತ್ತಿಗೆ ಬಗ್ಗಿಸಿ ಅವಳ ಕೂದಲು ಮೂಸುತ್ತಿತ್ತು.

ಮಳೆಗಾಲ ಚೆನ್ನಾಗಿಯೇ ಕಳೆಯಿತು. ಚಳಿ ಬಿತ್ತು, ಮದುವೆಗಳೂ ಶುರುವಾದವು. ಒಂಟೆಗೆ ಮದ ಬರುವ ಕಾಲ, ಒಂಟೆಗೆ ಗಿರಾಕಿ ಬರುವ ಕಾಲ, ಎರಡೂ ಒಂದೇ ಆಗಿಬಿಟ್ಟಿತ್ತು. ದೊರೆ ಹಲ್ಲು ಕಡಿಯತೊಡಗಿತು. ತಲೆಯ ಹಿಂದೆ ಕಪ್ಪಗೆ ಅಂಟು ಒಸರಿ ನಾರತೊಡಗಿತು. ಬೇಡ, ಈಗ ಎಲ್ಲಿಗೂ ಒಯ್ಯಬೇಡಿ ಎಂದು ತಿಪ್ಪಕ್ಕ ಎಷ್ಟು ಹೇಳಿದರೂ ಪಕ್ಕೀರಪ್ಪ ಕೇಳಲಿಲ್ಲ. ಜೂಲು ಹೊದಿಸಿ, ಕೊರಳಿಗೆ ಗಂಟೆ ಕಟ್ಟಿ ಕಂಪ್ಲಿಯ ಮದುವೆಗೆ ಹೊಡೆದುಕೊಂಡು ಹೋದ.

ಕಂಪ್ಲಿಯಲ್ಲಿ ಮದುಮಗ ಬಂದು ನಿಂತ, ಬ್ಯಾಂಡಿನವರು ಬಡಿಯತೊಡಗಿದರು. ಪಕ್ಕೀರಪ್ಪ 'ಝೇ ಝೇ' ಅಂದ. ದೊರೆ ಕೂರಲಿಲ್ಲ. ಮತ್ತೆ ಅಂದ. ದೊರೆ ಗಂಟಲಲ್ಲಿ ಗುಳುಗುಳು ಸದ್ದು ಮಾಡಿ, ಬಾಯಿಯ ಪಕ್ಕದಿಂದ ಕೆಂಪನೆಯ ದೊಡ್ಡ ಗುಳ್ಳೆಯೊಂದನ್ನು ಹೊರಗೆ ತಂದಿತು. ಮದ ಬಂದ ಗಂಡೊಂಟೆ ಹಾಗೆ ಮಾಡುತ್ತದೆ, ಅಷ್ಟೇ. ನೋಡಿದವರಿಗೆ ಅದರ ಕರುಳೇ ಆಚೆ ಬಂದ ಹಾಗಾಯಿತು. ಹೆಂಗಸರು ಚೀರಿದರು. ನೊರೆ ಹಾರಿ ಮದುಮಗನ ಸೋದರಮಾವನ ರೇಷ್ಮೆ ಅಂಗಿಯ ಮೇಲೆ ಬಿತ್ತು. "ಏನಪ್ಪಾ, ಒಂಟಿ ತಂದಿಯೋ ದೆವ್ವ ತಂದಿಯೋ?" ಎಂದು ಯಾರೋ ಅಂದರು, ಜನ ಗೊಳ್ಳೆಂದು ನಕ್ಕರು. ಪಕ್ಕೀರಪ್ಪನಿಗೆ ಜನ ನಕ್ಕದ್ದನ್ನು ಸಹಿಸಲಾಗಲಿಲ್ಲ. ಮೂಗಿನ ಹಗ್ಗವನ್ನು ತಿರುಚಿ ಎಳೆದು, ಬಾರುಕೋಲನ್ನು ತಿರುಗಿಸಿ ಹಿಡಿದು, ಅದರ ಮುಖದ ಮೇಲೆ ಬಾರಿಸಿದ. ಮೂಗಿನ ಗೂಟದ ಸುತ್ತ ರಕ್ತ ಒಸರಿತು. ಇನ್ನೂ ಬಾರಿಸಿದ. ದೊರೆ ಒಂದು ಸಲ ಅರಚಿ, ಮಂಡಿಯೂರಿ ಕೂತಿತು.

ಜನ ಚಪ್ಪಾಳೆ ಹೊಡೆದರು. ಮೊಬೈಲಿನಲ್ಲಿ ಹಿಡಿದವರೂ ಇದ್ದರು. ಮರುದಿನ ಸುತ್ತಲ ಊರವರ ಸ್ಟೇಟಸ್ಸಿನಲ್ಲೆಲ್ಲ ಅದೇ. ಓಣಿಯ ನಾಗೇಂದ್ರಪ್ಪ, ಚಿಕ್ಕಂದಿನಿಂದ ಜೊತೆಗಾರ, ಮನೆಗೇ ಬಂದು ಬೆನ್ನು ತಟ್ಟಿದ: "ಮಸ್ತ್ ಲೇ ಪಕ್ಕೀರಾ! ನಮ್ಮ ಹೋರಿಗರಾನೂ ಕೊಬ್ಬೇತಿ, ಸಂಕ್ರಾಂತಿ ಆದಮ್ಯಾಗ ಮೂಗು ಚುಚ್ಚಾಕ ಬಾ."

ಆ ದಿನ ಬೆಳಿಗ್ಗೆಯೇ ಪಕ್ಕೀರಪ್ಪ ತನ್ನ ಪದ್ಧತಿಯಂತೆ ಬೆಲ್ಲ ತೆಗೆದುಕೊಂಡು ಹಿತ್ತಲಿಗೆ ಹೋಗಿದ್ದ. ಹೊಡೆದ ಕೈಯನ್ನೇ ಚಾಚಿದ. ದೊರೆ ಬೆಲ್ಲ ನೋಡಲಿಲ್ಲ, ಕೈ ನೋಡಲಿಲ್ಲ. ಅವನ ಮುಖ ನೋಡಿತು. ಅಷ್ಟು ದಿನ ಯಾರನ್ನೂ ನೋಡದ ಪ್ರಾಣಿ ಅದು. ರೆಪ್ಪೆ ಕೂಡ ಮಿಟುಕಿಸದೆ ಅವನನ್ನೇ ನೋಡುತ್ತ ನಿಂತಿತ್ತು. ಕೈ ಚಾಚಿದವನು ಕಾದ, ಇನ್ನೂ ಕಾದ. ಬೆಲ್ಲ ಬೆವರಿಗೆ ಕರಗಿ ಅಂಗೈಗೆ ಅಂಟಿತು. "ತಿನ್ನದಿದ್ರ ಬಿಡು, ಯಾರಿಗೇನು," ಎಂದು ಗೊಣಗಿ ಬೆಲ್ಲವನ್ನು ಮೈಲಾರಿಯ ಬಾಯಿಗೆ ತುರುಕಿ ಬಂದ. ಅವನ ಜನ್ಮದಲ್ಲಿ ಅವನ ಬೆಲ್ಲ ಒಲ್ಲೆ ಅಂದ ಪ್ರಾಣಿ ಬೇರೊಂದಿರಲಿಲ್ಲ.

ಅಲ್ಲಿಂದ ಶುರುವಾಯಿತು. ಹಿತ್ತಲ ಗೋಡೆ ಅವನ ಎದೆಮಟ್ಟ, ಒಂಟೆಯ ತಲೆ ಅದಕ್ಕಿಂತ ಎಷ್ಟೋ ಮೇಲೆ. ಪಕ್ಕೀರಪ್ಪ ಪಡಸಾಲೆಯಲ್ಲಿ ರೊಟ್ಟಿ ಮುರಿಯುತ್ತ ಕೂತರೆ ಆ ತಲೆ ಗೋಡೆಯಾಚೆಯಿಂದ ಅವನ ಕಡೆ ತಿರುಗಿರುತ್ತಿತ್ತು. ಜಾಗ ಬದಲಿಸಿ ಕೂತರೆ ತಲೆಯೂ ನಿಧಾನವಾಗಿ ಅತ್ತ ತಿರುಗುತ್ತಿತ್ತು. ಕಟಕಟ ಕಟಕಟ ಹಲ್ಲು ಕಡಿಯುವ ಸದ್ದು. ತಿಪ್ಪಕ್ಕ ಹೋದರೆ ಮೊದಲಿನಂತೆಯೇ ಕೂದಲು ಮೂಸುತ್ತಿತ್ತು. ಓಣಿಯ ಹೆಂಗಸರು ಬಂದು ಸೊಪ್ಪು ತಿನ್ನಿಸಿ ಹೋಗುತ್ತಿದ್ದರು. ಇವನೊಬ್ಬ ಹೊಸ್ತಿಲು ದಾಟಿದರೆ ಸಾಕು, ಗಂಟಲಲ್ಲಿ ಆ ಗುಳುಗುಳು.

ಕಂಪ್ಲಿಯ ವಿಡಿಯೊವನ್ನು ಅವನು ಮತ್ತೆ ಮತ್ತೆ ಹಾಕಿಕೊಂಡು ನೋಡಿದ. ಮೊದಲು ನೋಡಿದ್ದು ತನ್ನ ಶೌರ್ಯವನ್ನು. ಆಮೇಲೆ ಒಂದು ದಿನ ಕಣ್ಣಿಗೆ ಬಿತ್ತು: ಜನ ಚಪ್ಪಾಳೆ ಹೊಡೆಯುವಾಗ, ಮದುಮಗ ಹತ್ತುವಾಗ, ಬ್ಯಾಂಡು ಮುಂದೆ ಹೊರಟಾಗ, ದೊರೆ ಬೇರೆಲ್ಲೂ ನೋಡುತ್ತಿರಲಿಲ್ಲ. ವಿಡಿಯೊ ಮುಗಿಯುವತನಕ ಅದರ ಕಣ್ಣು ಇವನ ಮೇಲೆಯೇ ಇತ್ತು. ಪಕ್ಕೀರಪ್ಪ ಮೊಬೈಲನ್ನು ಬೋರಲು ಹಾಕಿ ಇಟ್ಟ.

ಒಂದು ಬೆಳಿಗ್ಗೆ ತೊಟ್ಟಿಗೆ ನೀರು ಹುಯ್ಯಲು ಬಗ್ಗಿದ್ದ. ತಲೆಯ ಮೇಲೆ ಬಿಸಿ ಉಸಿರು ಬಿತ್ತು. ಯೋಚನೆ ಬರುವ ಮೊದಲೇ ಮೈ ತಾನಾಗಿ ಪಕ್ಕಕ್ಕೆ ಉರುಳಿತು. ಹಲ್ಲು ಮುಚ್ಚಿದ ಸದ್ದು ಕಿವಿಯ ಹತ್ತಿರವೇ ಕೇಳಿಸಿತು. ತಲೆಗೆ ಕಟ್ಟಿದ್ದ ಟವೆಲ್ ದೊರೆಯ ಬಾಯಲ್ಲಿತ್ತು. ಅದು ಟವೆಲನ್ನು ಎತ್ತಿ ಕುಟ್ಟಿ, ಎತ್ತಿ ಕುಟ್ಟಿ, ನೆಲಕ್ಕೆ ಹಾಕಿ, ಮತ್ತೆ ಇವನ ಕಡೆ ನೋಡಿತು. ಹಗ್ಗ ಮುಗಿದಿತ್ತು, ಇಲ್ಲದಿದ್ದರೆ ಅವತ್ತೇ ಕಥೆ ಮುಗಿಯುತ್ತಿತ್ತು. ನೆಲದ ಮೇಲೆ ಕೂತಲ್ಲೇ ಪಕ್ಕೀರಪ್ಪನಿಗೆ ಹರ್ಜಿಯ ಅಣ್ಣನ ಖಾಲಿ ತೋಳು ನೆನಪಾಯಿತು. ತಾನು ಸಾಯುತ್ತೇನೆ, ಈ ಪ್ರಾಣಿಯ ಕೈಯಲ್ಲೇ ಸಾಯುತ್ತೇನೆ ಎಂದು ಅವನ ಮನಸ್ಸಿಗೆ ಅವತ್ತು ಖಾತ್ರಿಯಾಯಿತು.

ಹೇಳಬೇಕಲ್ಲ ಯಾರಿಗಾದರೂ? ಹೇಳಲಿಲ್ಲ, ಮಹಾಶಯ. ಹೇಗೆ ಹೇಳುತ್ತಾನೆ? ಟವೆಲ್ ಎಲ್ಲಿ ಎಂದು ತಿಪ್ಪಕ್ಕ ಕೇಳಿದ್ದಕ್ಕೆ "ಆಟ ಆಡಿತು, ಹರೀತು" ಅಂದ. ಹೊಸಪೇಟೆಯಿಂದ ಮದುವೆಗೆ ಕರೆದವರಿಗೆ "ದೊರಿಗೆ ಆರಾಮಿಲ್ಲ" ಅಂದ. ಮಾರಿಬಿಡೋಣ ಅಂದರೆ ಮದವೇರಿದ ಗಂಡನ್ನು ಯಾರು ಕೊಳ್ಳುತ್ತಾರೆ? ಹಗ್ಗ ಬಿಚ್ಚಿ ಅಟ್ಟಿಬಿಡೋಣ ಅಂದರೆ, ಬಿಚ್ಚಲು ಹತ್ತಿರ ಹೋಗಬೇಕಲ್ಲ! ನೀರು, ಮೇವು ಎಲ್ಲ ತಿಪ್ಪಕ್ಕನ ಪಾಲಿಗೆ ಬಂತು. ಅವನು ಊಟ ಕಡಿಮೆ ಮಾಡಿದ. ನಾಗೇಂದ್ರಪ್ಪ ಸಿಕ್ಕಾಗ ಮಾತ್ರ ಹಳೆಯ ಗತ್ತಿನಲ್ಲೇ ಮೀಸೆ ತಿರುವುತ್ತಿದ್ದ.

ಹಿತ್ತಲ ಮೂಲೆಯಲ್ಲಿ ಹಗ್ಗ, ದಬ್ಬಣ, ಬಾರುಕೋಲು ಇಡುವ ಅವನ ಗೂಡು. ಅಲ್ಲಿಗೆ ಹೋಗಬೇಕೆಂದರೆ ದೊರೆಯ ಮುಂದೆಯೇ ದಾಟಬೇಕು. ಒಂದು ಮಧ್ಯಾಹ್ನ ತಿಪ್ಪಕ್ಕ ಹೊಳೆಯಿಂದ ಬಟ್ಟೆ ಒಗೆದುಕೊಂಡು ಬಂದಾಗ ಹಿತ್ತಲಲ್ಲಿ ಒಬ್ಬ ಹೆಂಗಸು ಗೋಡೆಗೆ ಅಂಟಿಕೊಂಡು ನಡೆಯುತ್ತಿದ್ದಳು. ಉಟ್ಟದ್ದು ತಿಪ್ಪಕ್ಕನದೇ ಸೀರೆ. ಸೆರಗನ್ನು ಮುಖದ ತುಂಬ ಹೊದ್ದಿದ್ದಳು. ಕೆಳಗೆ ಪಕ್ಕೀರಪ್ಪನ ಕೂದಲುಗಾಲು.

ತಿಪ್ಪಕ್ಕ ಬಿದ್ದು ಬಿದ್ದು ನಕ್ಕಳು. "ಅಯ್ಯ ನನ್ನವ್ವ, ಏನ್ರಿ ಇದು ಅವತಾರ!" ಎನ್ನುತ್ತ ಹತ್ತಿರ ಬಂದು ಸೆರಗು ಎಳೆದಳು. ಎಳೆದವಳ ನಗು ನಿಂತಿತು. ಗಂಡನ ತುಟಿ ಬೆಳ್ಳಗಾಗಿತ್ತು. ತೋಳಿನ ಚರ್ಮ ಅಲ್ಲಲ್ಲಿ ತಾನಾಗಿ ಅದುರುತ್ತಿತ್ತು.

"ಚಳಿ," ಅಂದ ಅವನು.

"ಬಿಸಲಾಗ?"

"ಹೂಂ. ಚಳಿ."

ತಿಪ್ಪಕ್ಕ ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ ಕೂರಿಸಿ, ಮೊಬೈಲ್ ತಂದು ಅವನ ಮಡಿಲಲ್ಲಿಟ್ಟಳು. "ಅದನ್ನ ಮಾರಿದಾತಗ ಹಚ್ಚರಿ. ಈಗs ಹಚ್ಚರಿ," ಎಂದಳು.

ಹರ್ಜಿ ಎಲ್ಲೋ ದೂರದ ಹೊಲದಲ್ಲಿದ್ದ, ಮಾತಿನ ಹಿಂದೆ ಕುರಿಗಳ ಸದ್ದು. ಎಲ್ಲ ಕೇಳಿದ. ಮುಖಕ್ಕೆ ಹೊಡೆದೆಯಾ ಎಂದ. ಪಕ್ಕೀರಪ್ಪ ಹೌದೆಂದ. ಹರ್ಜಿ ನಿಧಾನವಾಗಿ, ಚಿಕ್ಕ ಚಿಕ್ಕ ಮಾತಿನಲ್ಲಿ ಹೇಳಿದ. ಅದು ಮರೆಯುವುದಿಲ್ಲ. ಮದ ಇಳಿದರೂ ಮರೆಯುವುದಿಲ್ಲ. ಅದರ ಸೇಡು ಅದಕ್ಕೆ ಕೊಡಬೇಕು. ನಿನ್ನ ಮೈಮೇಲಿನ ಬಟ್ಟೆ, ಬೆವರು ನಾರುವ ಬಟ್ಟೆ ತೆಗೆದು, ಹುಲ್ಲು ತುಂಬಿ, ಮನುಷ್ಯ ಮಲಗಿದ ಹಾಗೆ ಅದರ ಮುಂದೆ ಹಾಕಿ ಹಗ್ಗ ಬಿಚ್ಚು. ನೀನು ಕಣ್ಣಿಗೆ ಬೀಳಬೇಡ. ನಿನಗೆ ಮಾಡಬೇಕು ಅಂದುಕೊಂಡದ್ದನ್ನು ಅದಕ್ಕೆ ಮಾಡುತ್ತದೆ. ಮಾಡಿದ ಮೇಲೆ ಮುಗಿಯಿತು, ನಿನ್ನ ತಂಟೆಗೆ ಬರುವುದಿಲ್ಲ. ನನ್ನ ಅಣ್ಣನೂ ಹೊಡೆದಿದ್ದ, ಬಟ್ಟೆ ಕೊಡಲಿಲ್ಲ, ನಕ್ಕ. ಅದು ವರ್ಷಗಟ್ಟಲೆ ಕಾದು ಕೈ ತೆಗೆದುಕೊಂಡಿತು.

ಪಕ್ಕೀರಪ್ಪ ಫೋನಿಟ್ಟು ಹೆಂಡತಿಗೆ ಎಲ್ಲ ಹೇಳಿದ. ಹುಲ್ಲು ತುಂಬಬೇಕು ಅನ್ನುವ ಮಾತು ಬಂದದ್ದೇ ತಿಪ್ಪಕ್ಕ ಕಿವಿ ಮುಚ್ಚಿಕೊಂಡಳು.

"ಬ್ಯಾಡ್ರಿ! ನಿಮ್ಮ ಕಾಲಿಗೆ ಬೀಳ್ತೀನಿ, ಅದೊಂದು ಬ್ಯಾಡ."

ಅವಳಿಗೊಬ್ಬ ತಮ್ಮನಿದ್ದ, ಉಚ್ಚೆಂಗಪ್ಪ. ಹೊಳೆ ತುಂಬಿ ಬಂದಾಗ ತೆಪ್ಪ ಮಗುಚಿ ಹೋದವನು, ಹೆಣವೂ ಸಿಗಲಿಲ್ಲ. ಕೊನೆಗೆ ಮನೆಯವರು ಹುಲ್ಲಿನ ಬೊಂಬೆ ಕಟ್ಟಿ, ಅವನ ಅಂಗಿ ತೊಡಿಸಿ, ದಂಡೆಯ ಮೇಲೆ ಸುಟ್ಟಿದ್ದರು. ಆ ಅಂಗಿ ತೊಟ್ಟ ಹುಲ್ಲನ್ನು ಅವಳು ಕಣ್ಣಾರೆ ಕಂಡಿದ್ದಳು. ಸತ್ತವನಿಗೆ ಮಾಡುವುದನ್ನು ಬದುಕಿರುವ ಗಂಡನಿಗೆ, ತನ್ನ ಹಿತ್ತಲಲ್ಲೇ, ತಾನೇ ಕೈಯಾರೆ ಮಾಡುವುದೇ?

"ಮತ್ತ ನಾನು ಸಾಯ್ಲೇನು?" ಎಂದ ಪಕ್ಕೀರಪ್ಪ. ಮೂವತ್ತು ವರ್ಷದ ಸಂಸಾರದಲ್ಲಿ ಅವನ ಬಾಯಿಂದ ಅಂಥ ಮಾತು ಅವಳು ಕೇಳಿರಲಿಲ್ಲ. ಅಳುತ್ತ ಹೂಂ ಅಂದಳು.

ಅವನು ಬಿಚ್ಚಿಟ್ಟ ಅಂಗಿ, ಧೋತರ ತೆಗೆದುಕೊಂಡು ಹೋದವಳು ನೇರ ಹುಲ್ಲಿನ ಬಣವೆಗೆ ಹೋಗಲಿಲ್ಲ, ಹೊಳೆಗೆ ಹೋದಳು. ಸೋಪು ಹಚ್ಚಿ ತಿಕ್ಕಿ ತಿಕ್ಕಿ ಒಗೆದಳು. ಗಂಡನ ಮೈಯ ಒಂದು ಕಣವೂ ಅದರಲ್ಲಿ ಉಳಿಯಬಾರದು. ಉಳಿದರೆ ತುಳಿಸಿಕೊಳ್ಳುವವನು ಅವನೇ ಆಗಿಬಿಡುತ್ತಾನೆ. ಒಣಗಿಸಿ, ಅರಿಶಿನದ ನೀರು ಚಿಮುಕಿಸಿ, ಹುಲಿಗೆಮ್ಮನ ಪಟದ ಮುಂದಿಟ್ಟು ಕೈ ಮುಗಿದಳು. ಇಷ್ಟೆಲ್ಲ ಆದ ಮೇಲೆಯೇ ಹುಲ್ಲು ತುಂಬಿದಳು. ಗಂಡನಿಗೆ ಹೇಳಲಿಲ್ಲ. ಹೇಳಿದರೆ ಬೈಯುತ್ತಾನೆ, ಅವನ ಒಳ್ಳೆಯದಕ್ಕೇ ಅಲ್ಲವೇ ಮಾಡಿದ್ದು? ನಾನಾದರೂ ಅವಳ ತಪ್ಪು ಅನ್ನಲಾರೆ. ಆ ದಂಡೆಯಲ್ಲಿ ನಿಂತು ಆ ಬೊಂಬೆ ಉರಿಯುವುದನ್ನು ನೋಡಿದ ಯಾವ ಹೆಂಗಸೂ ಅದನ್ನೇ ಮಾಡುತ್ತಿದ್ದಳು.

ಬಿಸಿಲೇರುವ ಹೊತ್ತಿಗೆ ತಿಪ್ಪಕ್ಕ ಬೊಂಬೆಯನ್ನು ಹಿತ್ತಲ ನಡುವೆ ಮಲಗಿಸಿ, ದೊರೆಯ ಹಗ್ಗ ಬಿಚ್ಚಿ, ಬಾಗಿಲ ಒಳಗೆ ಬಂದು ನಿಂತಳು. ಪಕ್ಕೀರಪ್ಪ ಬಣವೆಯ ಹಿಂದೆ ಅಡಗಿ ಕೂತಿದ್ದ. ಹುಲ್ಲಿನ ಸಂದಿಯಿಂದ ತನ್ನ ಅಂಗಿ ಕಾಣುತ್ತಿತ್ತು, ಹೊಟ್ಟೆ ಉಬ್ಬಿಸಿಕೊಂಡು ಅಂಗಾತ ಮಲಗಿತ್ತು. ನೋಡಲು ಆಗದೆ ಕಣ್ಣು ಮುಚ್ಚಿದ, ಮುಚ್ಚಲು ಆಗದೆ ತೆರೆದ.

ದೊರೆ ಬಂತು. ಕುತ್ತಿಗೆ ಬಗ್ಗಿಸಿ ಬೊಂಬೆಯನ್ನು ಕಾಲಿಂದ ಎದೆಯವರೆಗೆ ಮೂಸಿತು. ಎದೆಯ ಹತ್ತಿರ ಮೂಗು ನಿಂತಿತು. ದೊರೆ ಒಮ್ಮೆ ಸೀನಿ, ಬೊಂಬೆಯನ್ನು ದಾಟಿ ಹೋಗಿ, ಬೇವಿನ ಟೊಂಗೆಗೆ ಬಾಯಿ ಹಾಕಿತು.

ತುಳಿಯಲಿಲ್ಲ! ಪಕ್ಕೀರಪ್ಪನಿಗೆ ನಂಬಲಾಗಲಿಲ್ಲ. ಒಂಟೆ ಸೊಪ್ಪು ಹರಿಯಿತು, ಮೆಲ್ಲಗೆ ಜಗಿಯಿತು, ಬೊಂಬೆಯ ಕಡೆ ತಿರುಗಿಯೂ ನೋಡಲಿಲ್ಲ. ಸೇಡೂ ಇಲ್ಲ, ಏನೂ ಇಲ್ಲ. ಆ ಹರ್ಜಿ ಸುಳ್ಳು ಹೇಳಿ ಹೆದರಿಸಿದ್ದಾನೆ. ನನ್ನ ಅಂಗಿ ಕಂಡರೂ ಸುಮ್ಮನಿದೆ ಅಂದರೆ ಮರೆತಿದೆ. ಎಲ್ಲ ಪ್ರಾಣಿಯೂ ಮರೆಯುತ್ತವೆ. ಎಷ್ಟೋ ವಾರಗಳ ಮೇಲೆ ಅವನಿಗೆ ನಗು ಬಂತು. ಸೊಂಟದ ಗಂಟಿನಲ್ಲಿ ಬೆಲ್ಲ ಇದೆಯೇ ಎಂದು ಮುಟ್ಟಿ ನೋಡಿಕೊಂಡು ಬಣವೆಯ ಹಿಂದಿನಿಂದ ಎದ್ದು ಬಂದ.

ದೊರೆಯ ಜಗಿತ ನಿಂತಿತು.

ಓಡಿ ಬಂದದ್ದು ಅವನಿಗೆ ಕಾಣಲೇ ಇಲ್ಲ. ಉದ್ದನೆಯ ಕುತ್ತಿಗೆ ಪಕ್ಕದಿಂದ ಬಂದು ಬಡಿಯಿತು, ಬಣವೆಗೂ ಗೋಡೆಗೂ ನಡುವಿನ ಸಂದಿಯಲ್ಲಿ ಬಿದ್ದ. ಮೇಲೆ ಆಕಾಶ ಕಾಣಲಿಲ್ಲ, ಬರೀ ಅದರ ಎದೆ ಕಂಡಿತು. ಎದೆಯ ಕೆಳಗೆ ತೊಗಲು ಗಟ್ಟಿಯಾಗಿ ಬೆಳೆದ ಬಿಲ್ಲೆ, ಒಂಟೆ ಕೂರುವಾಗ ಭಾರವೆಲ್ಲ ಬೀಳುವ ಜಾಗ. ಅದು ಕೂರಲು ಮಂಡಿ ಮಡಿಸುತ್ತಿತ್ತು. ಇವನು ಹೇಳದೆಯೇ ಕೂರುತ್ತಿತ್ತು, ಇವನ ಮೇಲೆ. ನೊರೆ ಕಣ್ಣಿಗೆ ಬಿತ್ತು.

ಬಾಗಿಲಲ್ಲಿ ತಿಪ್ಪಕ್ಕನ ದನಿ ಕಿತ್ತು ಬಂತು. "ಅಂಗಿ ಬಿಚ್ರಿ! ಮೈಮ್ಯಾಗಿಂದು ಬಿಚ್ಚಿ ಒಗೀರಿ! ಬೊಂಬಿ ಅಂಗಿ ನಾನು ಹೊಳ್ಯಾಗ ಒಗದೀನ್ರೀ, ಸೋಪು ಹಚ್ಚಿ ಒಗದೀನಿ!"

ಗುಂಡಿ ಬಿಚ್ಚುವಷ್ಟು ಪುರಸೊತ್ತು ಯಾರಿಗಿತ್ತು? ಅಂಗಿಯನ್ನು ಎರಡೂ ಕೈಯಿಂದ ಹರಿದು, ಎಳೆದು, ಒಂಟೆಯ ಮುಖಕ್ಕೆ ಎಸೆದ. ಗೋಡೆಯ ಬುಡದಲ್ಲಿ ಹೊಟ್ಟೆಯ ಮೇಲೆ ತೆವಳಿದ. ತಿಪ್ಪಕ್ಕ ಅವನ ಕೈ ಹಿಡಿದು ಬಾಗಿಲೊಳಕ್ಕೆ ಎಳೆದುಕೊಂಡಳು. ಹಿಂದೆ ಧಪ್ಪೆಂದು ಸದ್ದಾಯಿತು. ಮತ್ತೆ ಆಯಿತು. ಮತ್ತೆ ಮತ್ತೆ ಆಯಿತು. ಇಬ್ಬರೂ ಒಬ್ಬರನ್ನೊಬ್ಬರು ಹಿಡಿದುಕೊಂಡು ನೋಡಿದರು. ದೊರೆ ಆ ಅಂಗಿಯ ಮೇಲೆ ಎದೆಯೂರಿ ಬಿದ್ದು, ಎದ್ದು, ಮತ್ತೆ ಬೀಳುತ್ತಿತ್ತು. ಕಚ್ಚಿ ಎತ್ತಿ ಕುಟ್ಟುತ್ತಿತ್ತು. ನೆಲದ ಮಣ್ಣು ಹುಡಿಯಾಗಿ ಏಳುತ್ತಿತ್ತು. ಆ ಅಂಗಿಯೊಳಗೆ ತಾನಿದ್ದಿದ್ದರೆ ಏನಾಗುತ್ತಿತ್ತು ಎನ್ನುವುದನ್ನು ಪಕ್ಕೀರಪ್ಪ ಕೊನೆಯತನಕ ನೋಡಿದ.

ಆಮೇಲೆ ದೊರೆ ಸುಮ್ಮನಾಯಿತು. ಚಿಂದಿಯಾದ ಅಂಗಿಯನ್ನು ಒಮ್ಮೆ ಮೂಸಿ, ಮೂಗು ಮೇಲೆತ್ತಿ, ಅರೆಗಣ್ಣು ಮುಚ್ಚಿತು. ಯಾರನ್ನೂ ನೋಡದ ಹಳೆಯ ಮುಖ ಮರಳಿ ಬಂದಿತ್ತು.

ಹರ್ಜಿಯ ಮಾತು ನಿಜವಾಯಿತು. ಮರುದಿನ ತಿಪ್ಪಕ್ಕ ಗಂಡನ ಕೈ ಹಿಡಿದು ಬೆಲ್ಲ ಚಾಚಿಸಿದಳು, ದೊರೆ ತುಟಿ ಮುಂದೆ ಮಾಡಿ ತಿಂದಿತು. ಅವನ ಮುಖ ನೋಡಲಿಲ್ಲ. ಅದರ ಪಾಲಿಗೆ ಎಲ್ಲ ಮುಗಿದಿತ್ತು. ಪಕ್ಕೀರಪ್ಪನ ಪಾಲಿಗೆ ಎಲ್ಲಿ ಮುಗಿಯಬೇಕು? ಬಿದ್ದ ಪೆಟ್ಟಿಗೆ ಕುಂಟುತ್ತ ಓಡಾಡುವಾಗಲೂ ಆ ಧಪ್ ಸದ್ದು ಕಿವಿಯಲ್ಲಿರುತ್ತಿತ್ತು.

ಸಂಕ್ರಾಂತಿ ಕಳೆಯಿತು. ನಾಗೇಂದ್ರಪ್ಪ ಹೇಳಿಕಳಿಸಿದ. ಪಕ್ಕೀರಪ್ಪ ದಬ್ಬಣ, ಹಗ್ಗ, ಬಾರುಕೋಲು ತೆಗೆದುಕೊಂಡು ಹೋದ. ಹೊರಗೆ ಜನ ಸೇರಿದ್ದರು, ಒಂಟೆ ಪಳಗಿಸಿದ ಗಂಡಸಲ್ಲವೇ! ಹೋರಿಗರುವನ್ನು ಕೆಡವಿ ಇಬ್ಬರು ಹಿಡಿದುಕೊಂಡಿದ್ದರು. ಪಕ್ಕೀರಪ್ಪ ಮಂಡಿಯೂರಿ ಅದರ ಮೂಗಿಗೆ ದಬ್ಬಣ ಹಿಡಿದ. ಕರು ಕಣ್ಣು ಹೊರಳಿಸಿ ಅವನ ಮುಖ ನೋಡಿತು.

ಪಕ್ಕೀರಪ್ಪ ದಬ್ಬಣವನ್ನು ಹಿಂದಕ್ಕೆ ಎಳೆದುಕೊಂಡ. ಮತ್ತೆ ಮೂಗಿಗೆ ಹಿಡಿದ, ಮತ್ತೆ ಎಳೆದುಕೊಂಡ.

"ಯಾಕೋ? ಚುಚ್ಚು ಜಲ್ದಿ," ಎಂದ ನಾಗೇಂದ್ರಪ್ಪ.

"ಒಲ್ಲೆ. ನನಗ ಅಂಜಿಕಿ ಆಗ್ತೈತಿ," ಅಂದ ಪಕ್ಕೀರಪ್ಪ.

"ಕರಕ್ಕೇನಲೇ ಅಂಜೋದು?" ಜನ ನಕ್ಕರು. ಕಂಪ್ಲಿಯಲ್ಲಿ ನಕ್ಕ ಹಾಗೆಯೇ ನಕ್ಕರು. ಪಕ್ಕೀರಪ್ಪನಿಗೆ ಈ ಸಲ ಸಿಟ್ಟು ಬರಲಿಲ್ಲ. ದಬ್ಬಣವನ್ನು ನಾಗೇಂದ್ರಪ್ಪನ ಕೈಗಿಟ್ಟು ಎದ್ದ.

ಮನೆಗೆ ಬಂದವನು ಸೀದಾ ಹಿತ್ತಲಿಗೆ ಹೋದ. ಮಲಗಿದ್ದ ಮೈಲಾರಿ ಎಂದಿನಂತೆ ಎದ್ದು ಸ್ತಬ್ಧವಾಗಿ ನಿಂತಿತು. ಪಕ್ಕೀರಪ್ಪ ಬೆವರಿನಿಂದ ತೊಯ್ದ ಅಂಗಿಯನ್ನು ಬಿಚ್ಚಿ ಅದರ ಮುಂಗಾಲಿನ ಹತ್ತಿರ ನೆಲದ ಮೇಲೆ ಹಾಕಿದ. "ತುಳಿಯೋ," ಅಂದ. "ಹೊಳಿ ಉಸುಕಿನಾಗ ನಾನು ಮಾಡಿದ್ದು ನೆನಪಿದ್ರ ತುಳದುಬಿಡು, ಮಗನ. ಇವತ್ತಿಗೆ ಮುಗದುಹೋಗ್ಲಿ."

ಮುದಿ ಎತ್ತು ಕುತ್ತಿಗೆ ಬಗ್ಗಿಸಿ ಅಂಗಿಯನ್ನು ಮೂಸಿತು. ಮೂಸಿದ್ದೇ ಬುಸ್ಸೆಂದು ಹಿಂದೆ ಸರಿಯಿತು. ಹಗ್ಗ ಮುಗಿಯುವವರೆಗೆ ಸರಿದು, ಗೋಡೆಗೆ ಮೈ ಒತ್ತಿ ನಿಂತಿತು. ಕಣ್ಣಿನ ಬಿಳಿ ಕಾಣುತ್ತಿತ್ತು. ಭುಜದ ಮೇಲೆ, ಪಕ್ಕೆಯ ಮೇಲೆ ಚರ್ಮ ಅಲ್ಲಲ್ಲಿ ತಾನಾಗಿ ಅದುರುತ್ತಿತ್ತು. ನೊಣವೂ ಇರಲಿಲ್ಲ, ಚಳಿಯೂ ಇರಲಿಲ್ಲ. ಸೀರೆಯೊಳಗೆ ತನ್ನ ತೋಳು ಹೀಗೆಯೇ ಅದುರಿದ್ದು ಪಕ್ಕೀರಪ್ಪನಿಗೆ ಗೊತ್ತಿತ್ತು.

ತಿಪ್ಪಕ್ಕ ಬಾಗಿಲಿಗೆ ಬಂದು, ಬರಿಮೈಯಲ್ಲಿ ನಿಂತ ಗಂಡನನ್ನು ಕಂಡು ಗಾಬರಿಯಾದಳು. "ಏನಾತ್ರಿ? ಮೈಲಾರಿ ಹಾಯ್ತೇನು?"

"ಇಲ್ಲ," ಅಂದ ಅವನು. "ಅದು ನನಗ ಮರ್ಯಾದಿ ಕೊಡ್ತೈತಿ ಅಂತ ಊರಿಗೆಲ್ಲಾ ಹೇಳಿದ್ನೆಲ್ಲೇ." ಬಗ್ಗಿ ಅಂಗಿಯನ್ನು ಎತ್ತಿಕೊಂಡು, ಎತ್ತಿನ ಕಣ್ಣಿಗೆ ಬೀಳದ ಹಾಗೆ ಬೆನ್ನ ಹಿಂದೆ ಹಿಡಿದು, ಒಂದೊಂದೇ ಹೆಜ್ಜೆ ಹಿಂದಕ್ಕಿಡುತ್ತ ಬಾಗಿಲತನಕ ಬಂದ. ಮೈಲಾರಿ ಇನ್ನೂ ಗೋಡೆ ಬಿಟ್ಟಿರಲಿಲ್ಲ.